ಕೇರೆಗೊಂದು ಹೆಸರಿತ್ತು

ನಮ್ಮ ದೇವಾಲಯದ ಹಿಂದೆ ಹಳೆಯದೊಂದು ಹುತ್ತವಿತ್ತು. ಅದರಾಚೆಗೆ ಭತ್ತದ ಗದ್ದೆಗಳು. ನನಗಾಗ ಹದಿನಾರು ವರ್ಷ. ಒಂದು ಭಾನುವಾರ ಬಲಿಪೂಜೆ ಮುಗಿಸಿ ಹೊರಬರುತ್ತಿದ್ದಂತೆ "ನಾಗರಹಾವು!" ಎಂಬ ಕೂಗೆದ್ದಿತು. ಆಳುದ್ದದ ಕಂದು ಹಾವೊಂದು ಗೋಡೆಯ ಬುಡದಲ್ಲಿ ಸರಸರನೆ ಹರಿಯುತ್ತಿತ್ತು. ಮೊದಲು ದೊಣ್ಣೆ ಎತ್ತಿಕೊಂಡವನು ನಾನೇ. ಎಲ್ಲರೂ ಬೆನ್ನು ತಟ್ಟಿದರು. ಮಾತೆ ಮರಿಯಮ್ಮನವರ ಪಾದದಡಿಯ ಸರ್ಪವನ್ನು ನೋಡುತ್ತಲೇ ಬೆಳೆದ ನನಗೆ ಅದು ಪುಣ್ಯಕಾರ್ಯವೆಂದೇ ತೋರಿತ್ತು.

ಸಂಜೆ ನಮ್ಮ ವೃದ್ಧ ಉಪದೇಶಿಗಳು ಸತ್ತ ಹಾವನ್ನು ಕೋಲಿನ ತುದಿಯಿಂದ ಹೊರಳಿಸಿ ನೋಡಿದರು. "ಇದು ಕೇರೆ ಕಣಪ್ಪ. ಹೆಸರಾದರೂ ವಿಚಾರಿಸಬಾರದಿತ್ತೇ?" ಎಂದಷ್ಟೇ ಹೇಳಿ ಹೊರಟುಹೋದರು.

ಅಂದಿನಿಂದ ಆ ಹೆಸರು ನನ್ನನ್ನು ಬಿಟ್ಟಿಲ್ಲ. ನಮ್ಮ ಕೇರೆಯೇ ಮಲಯಾಳಿಗಳ ಚೇರ, ತಮಿಳರ ಸಾರೈ. ಒಂದೇ ಬೇರಿನ ಸೋದರಪದಗಳಿವು. ತೆಲುಗರಿಗೆ ಅದು ಜೆರ್ರಿಪೋತು, ಮರಾಠಿಗರಿಗೆ ಧಾಮಣ. ಲಿನೇಯಸ್ ಪಂಡಿತನು 1758ರಲ್ಲಿ ಅದಕ್ಕೊಂದು ಲ್ಯಾಟಿನ್ ಹೆಸರನ್ನಿತ್ತನು. ಇಷ್ಟು ಜನ ಇಷ್ಟು ಅಕ್ಕರೆಯಿಂದ ಹೆಸರಿಟ್ಟ ಜೀವಿಯನ್ನು ನಾನು ಬರಿಯ 'ಹಾವು' ಎಂದು ಕೊಂದಿದ್ದೆ. ಆದಿಕಾಂಡದಲ್ಲಿ ಆದಾಮನು ಪ್ರಾಣಿಗಳಿಗೆ ಹೆಸರಿಡುವುದು ಎರಡನೆಯ ಅಧ್ಯಾಯದಲ್ಲಿ. ಸರ್ಪದ ವಂಚನೆ ಬರುವುದು ಮೂರನೆಯದರಲ್ಲಿ. ನಾನು ಮೂರನೆಯದರಿಂದಲೇ ಓದಲು ತೊಡಗಿದ್ದೆ.

ಕೇರೆಗೆ ವಿಷವಿಲ್ಲ, ಹೆಡೆಯೂ ಇಲ್ಲ. ಕೆಣಕಿದಾಗ ಕತ್ತನ್ನು ಚಪ್ಪಟೆ ಮಾಡಿ ಗುರುಗುಟ್ಟುತ್ತದೆ. ಅದನ್ನೇ ಕಂಡು ನಾಗರವೆನ್ನುವವರುಂಟು. ದೊಡ್ಡ ದುಂಡು ಕಣ್ಣು, ತುಟಿಯ ಮೇಲೆ ಕಪ್ಪು ಗೀರುಗಳು ಅದರ ಗುರುತು. (ಗೀರು ನೋಡಲೆಂದು ಯಾರೂ ಹತ್ತಿರ ಹೋಗಬೇಕಾಗಿಲ್ಲ, ದೂರ ನಿಂತರೆ ಸಾಕು.) ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆಂಬುದು ಕಟ್ಟುಕಥೆ. ಎರಡು ಕೇರೆಗಳು ಹೆಣೆದುಕೊಂಡು ಎದ್ದುನಿಲ್ಲುವುದನ್ನು ಜನ ಮಿಲನವೆಂದು ತಿಳಿಯುತ್ತಾರೆ. ಅದು ಸಾಮಾನ್ಯವಾಗಿ ಎರಡು ಗಂಡುಗಳ ಕುಸ್ತಿ.

ಗದ್ದೆಯ ಬದು, ಇಲಿಬಿಲ, ಹುತ್ತ, ಬಾವಿಯ ಕಲ್ಲುಸಂದು, ಅಡಕೆ ತೋಟ, ಹುಲ್ಲಿನ ಬಣವೆ, ಹೆಂಚಿನ ಮಾಡು - ಇವೆಲ್ಲ ಅದರ ಮನೆ. ಇರಾನಿನಿಂದ ಜಾವಾದವರೆಗೂ ಅದರ ಬಳಗವಿದೆ. ನಾವು ಧಾನ್ಯ ಕೂಡಿಟ್ಟಲ್ಲಿ ಇಲಿ, ಇಲಿಯ ಬೆನ್ನಿಗೆ ಕೇರೆ. ಅದು ನಮ್ಮನ್ನು ಅರಸಿ ಬಂದದ್ದಲ್ಲ, ನಾವೇ ಅದಕ್ಕೆ ಊಟ ಬಡಿಸಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಆದರೆ ದೊಣ್ಣೆ ಎತ್ತಿದ ಕೈಗೆ ಕಾಯ್ದೆ ನೆನಪಾದೀತೆ?

ಕಳೆದ ಮಳೆಗಾಲದಲ್ಲಿ ಅದೇ ಗೋಡೆಯ ಬುಡದಲ್ಲಿ ಮತ್ತೊಂದು ಕಾಣಿಸಿತು. ಧರ್ಮೋಪದೇಶ ತರಗತಿಯ ಹುಡುಗನೊಬ್ಬ ಕೋಲು ಹಿಡಿದು ಓಡಿಬಂದ. "ಅದು ಕೇರೆ, ಮಗನೇ" ಎಂದೆ. "ಕೇರೆ ಅಂದರೆ?" ಎಂದು ಕೇಳಿದ. ನಾನು ಹೇಳುತ್ತಿರುವಂತೆಯೇ ಅದು ಹುತ್ತದೊಳಕ್ಕೆ ಇಳಿಯಿತು. ಬಾಲ ಮರೆಯಾಗುವವರೆಗೂ ಹುಡುಗ ಕಣ್ಣು ಕೀಳಲಿಲ್ಲ, ಕೋಲನ್ನೂ ಕೆಳಗಿಡಲಿಲ್ಲ.