ನೋಯದ ಗಂಟು

ಮಲ್ಲೇಶ್ವರದ ಗೃಹಿಣಿಗೆ ವೈದ್ಯರ ಅಭಾವವಿಲ್ಲ. ಕೆ.ಸಿ. ಜನರಲ್ ಆಸ್ಪತ್ರೆ ಬಡಾವಣೆಯಲ್ಲೇ ಇದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಅದೇ ಊರಿನಲ್ಲಿದೆ. ಆದರೂ ಸ್ನಾನದ ವೇಳೆ ಎದೆಯಲ್ಲಿ ಕೈಗೆ ತಗುಲಿದ ಗಂಟು ತಿಂಗಳುಗಟ್ಟಲೆ ಸೆರಗಿನ ಮರೆಯಲ್ಲೇ ಉಳಿಯುವುದುಂಟು.

ಇದನ್ನು ಬರಿಯ ಅಜ್ಞಾನವೆನ್ನುವುದು ಅನ್ಯಾಯ. ಆ ಗಂಟು ನೋಯುವುದಿಲ್ಲ! ಹಲ್ಲುನೋವಿಗೆ ರಾತ್ರೋರಾತ್ರಿ ಓಡುವ ಮನೆಯಲ್ಲಿ, ನೋಯದಿರುವುದನ್ನು ಕಾಯಿಲೆಯೆಂದು ಯಾರು ಲೆಕ್ಕಕ್ಕೆ ಹಿಡಿದಾರು? ಸ್ತನದ ಅರ್ಬುದ ಆರಂಭದಲ್ಲಿ ಬಹುಮಟ್ಟಿಗೆ ನೋವಿಲ್ಲದ್ದೇ. ನೋವು ಕಾಣಿಸುವ ವೇಳೆಗೆ ಅದು ಕಂಕುಳಿನ ಗ್ರಂಥಿಗಳಿಗೂ ಹಬ್ಬಿರಬಹುದು.

ಜೊತೆಗೆ ಪಂಚಾಂಗ ಬೇರೆ. ಶ್ರಾವಣ ಮುಗಿಯಲಿ, ಗೌರಿಹಬ್ಬ ಕಳೆಯಲಿ, ಮಗನ ಪರೀಕ್ಷೆಯಾಗಲಿ. ಮಗಳಿಗೆ ಗಂಡು ನೋಡುತ್ತಿರುವಾಗ, ‘ತಾಯಿ ಕಿದ್ವಾಯಿಗೆ ಹೋಗಿಬಂದರಂತೆ’ ಎಂಬ ಮಾತು ಸಂಪಿಗೆ ರಸ್ತೆಯಲ್ಲಿ ಹರಡಿದರೆ ಗತಿಯೇನು? (ಊರಿನವರ ಬಾಯಲ್ಲಿ ಆಸ್ಪತ್ರೆಯ ಹೆಸರೇ ರೋಗದ ಹೆಸರಾಗಿದೆ.) ಪತಿಗೆ ಹೇಳಲು ಸಂಕೋಚ, ಪುರುಷ ವೈದ್ಯರೆದುರು ಇನ್ನೂ ಹೆಚ್ಚು.

ಸೂಜಿ ಚುಚ್ಚಿದರೆ ಗಂಟು ಕೆರಳಿ ಹಬ್ಬುತ್ತದೆಂಬ ನೆರೆಮನೆಯ ಮಾತನ್ನಂತೂ ವೈದ್ಯರು ಒಪ್ಪುವುದಿಲ್ಲ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಅರ್ಬುದವಲ್ಲವೆಂದೇ ಪರೀಕ್ಷೆಯಲ್ಲಿ ತಿಳಿದುಬರುತ್ತವೆ. ಆ ಸಮಾಧಾನದ ಉತ್ತರವನ್ನು ಪಡೆಯಲೂ ಹೋಗದೆ, ಯಾರೋ ಹೇಳಿದ ಲೇಪ ಹಚ್ಚಿಕೊಂಡು, ಮುಂದಿನ ಹಬ್ಬಕ್ಕೆ ಕಜ್ಜಾಯದ ಪಾಕ ಹದಮಾಡುತ್ತ ಕುಳಿತವರು ಎಷ್ಟು ಮಂದಿಯೋ.