ಶಿಜುವೊಕಾದಲ್ಲಿ ಒಂದು ಬಾವಿಕಟ್ಟೆ

ಈ ಊರಿನಲ್ಲಿ ಅಂಚೆ ಡಬ್ಬಿಯೂ ಆಟದ ಸಾಮಾನಿನ ಹಾಗಿದೆ. ಪ್ಲಾಸ್ಟಿಕ್ ಮಾಡೆಲ್ ಕಿಟ್ ಬಿಚ್ಚಿದರೆ ಒಂದು ಚೌಕಟ್ಟಿಗೆ ಸಣ್ಣ ಸಣ್ಣ ಭಾಗಗಳು ಅಂಟಿಕೊಂಡಿರುತ್ತವಲ್ಲ, ಅದೇ ರೀತಿಯ ದೊಡ್ಡ ಚೌಕಟ್ಟಿನಲ್ಲಿ ಅಂಚೆ ಡಬ್ಬಿಯನ್ನು ಕೂರಿಸಿದ್ದಾರೆ. ಅದರಲ್ಲಿ ಹಾಕಿದ ಕಾಗದ ನಿಜವಾಗಿಯೂ ಊರು ಸೇರುತ್ತದೆ! ಟೆಲಿಫೋನ್ ಬೂತೂ ಹಾಗೆಯೇ. ಜಪಾನಿನ ಶಿಜುವೊಕಾ ನಗರ ತನ್ನನ್ನು ಮಾಡೆಲ್‌ಗಳ ರಾಜಧಾನಿ ಎಂದು ಕರೆದುಕೊಳ್ಳುತ್ತದೆ.

ನನ್ನ ತಮ್ಮ ಟೋಕಿಯೊದಲ್ಲಿದ್ದಾನೆ. ಬೇಸಿಗೆ ರಜೆಯಲ್ಲಿ ಅವನ ಮನೆಗೆ ಹೋಗಿದ್ದಾಗ, ಮೇ ತಿಂಗಳಲ್ಲಿ ನಡೆಯುವ ಶಿಜುವೊಕಾ ಹಾಬಿ ಶೋ ನೋಡಲೇಬೇಕೆಂದು ನನ್ನ ಹನ್ನೆರಡರ ಮಗ ಹಟ ಹಿಡಿದ. ಟೋಕಿಯೊದಿಂದ ಸುಮಾರು 180 ಕಿ.ಮೀ. ಎಲ್ಲಕ್ಕಿಂತ ವೇಗದ ನೊಜೊಮಿ ರೈಲು ಅಲ್ಲಿ ನಿಲ್ಲುವುದಿಲ್ಲ. ಹಿಕಾರಿಯಲ್ಲಿ ಒಂದು ಗಂಟೆ. ಬಲಗಡೆ ಕಿಟಕಿಯಲ್ಲಿ ಫ್ಯೂಜಿ ಪರ್ವತ ಕಾಣಬೇಕಿತ್ತು, ಮೋಡವಷ್ಟೇ ಕಂಡಿತು.

ಇಷ್ಟೆಲ್ಲ ಮಾಡೆಲ್ ಕಂಪನಿಗಳು ಈ ಒಂದೇ ಊರಿನಲ್ಲಿ ಏಕೆ? ಟೊಕುಗವಾ ಆಳ್ವಿಕೆಯಲ್ಲಿ ಇಲ್ಲಿನ ಸೆಂಗೆನ್ ದೇಗುಲ ಕಟ್ಟಲು ದೇಶದ ನಾನಾ ಕಡೆಯಿಂದ ಬಂದ ಬಡಗಿಗಳು, ಅರಗಿನ ಕೆಲಸದವರು ಇಲ್ಲೇ ನೆಲೆಸಿದರಂತೆ. ಮರಗೆಲಸ ಊರಿನ ಕಸುಬಾಯಿತು. 1946ರಲ್ಲಿ ಶುರುವಾದ ತಮಿಯಾ ಕೂಡ ಮೊದಲು ಮರದ ವ್ಯಾಪಾರವೇ. ಆಮೇಲೆ ಮರದ ಮಾಡೆಲ್, 1960ರಲ್ಲಿ ಮೊದಲ ಪ್ಲಾಸ್ಟಿಕ್ ಕಿಟ್, ಯಮಾಟೊ ಯುದ್ಧನೌಕೆ. ಬಳಿಕ ಬಂದ ಪ್ಯಾಂಥರ್ ಟ್ಯಾಂಕಿನೊಳಗೆ ಮೋಟಾರಿಗೆಂದು ಬ್ಯಾಟರಿ ಹಿಡಿಸಬೇಕಿತ್ತು. ಬ್ಯಾಟರಿ ಹಿಡಿಸುವಷ್ಟು ದೊಡ್ಡದು ಮಾಡಿದಾಗ ಅದು ನಿಜವಾದ ಟ್ಯಾಂಕಿನ 35ರಲ್ಲಿ ಒಂದು ಪಾಲಾಯಿತು. ಇಂದು ಜಗತ್ತಿನ ಮಿಲಿಟರಿ ಡಯೊರಾಮಾಗಳಲ್ಲಿ ಹೆಚ್ಚಿನವು ಈ 1/35 ಅಳತೆಯಲ್ಲೇ ಇವೆ. ಬ್ಯಾಟರಿ ಹಾಕಿಕೊಟ್ಟ ಅಳತೆ ಎಂದರೆ ತಪ್ಪಾಗದು.

ಮಗನಿಗೆ ಟ್ಯಾಂಕು ಬೇಕಿರಲಿಲ್ಲ. ನನ್ನ ಅಮ್ಮನ ತವರುಮನೆ ಶರಾವತಿಯ ಲಿಂಗನಮಕ್ಕಿ ಹಿನ್ನೀರಿನಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಅಮ್ಮನಿಗೆ ಹತ್ತು ವರ್ಷ. ಆ ಮನೆಯ ಒಂದು ಫೋಟೊ ಕೂಡ ನಮ್ಮಲ್ಲಿಲ್ಲ. ಜಗಲಿ ಯಾವ ಕಡೆ, ಬಚ್ಚಲು ಯಾವ ಕಡೆ ಎಂದು ಬಲ್ಲವರಲ್ಲಿ ಈಗ ಉಳಿದಿರುವುದು ಅಮ್ಮ ಒಬ್ಬಳೇ. ಅದನ್ನು ಡಯೊರಾಮಾ ಮಾಡಿ ಅಮ್ಮಮ್ಮನಿಗೆ ತೋರಿಸಬೇಕೆಂಬುದು ಅವನ ಆಸೆ. ಅವಳ ನೆನಪು ಚುರುಕಾಗಿರುವಾಗಲೇ ಆಗಲಿ ಎಂಬುದು ನನ್ನ ಅವಸರ.

ಟ್ವಿನ್ ಮೆಸ್ಸೆ ಸಭಾಂಗಣದಲ್ಲೂ ಊರಿನ ಅಂಗಡಿಗಳಲ್ಲೂ 1/35ರ ಬಿಡಿಸಾಮಾನಿಗೆ ಲೆಕ್ಕವಿಲ್ಲ. ಮರಳಿನ ಮೂಟೆ, ಇಟ್ಟಿಗೆ ಗೋಡೆ, ಪೆಟ್ರೋಲ್ ಕ್ಯಾನು, ಪೀಪಾಯಿ, ಸೈಕಲ್ಲು. ಉಕ್ರೇನಿನ ಮಿನಿಆರ್ಟ್ ಕಂಪನಿಯದಂತೂ ಹಾಲಿನ ಕ್ಯಾನು, ಬಾಟಲಿ, ಮರದ ಪೆಟ್ಟಿಗೆ, ಹೀಗೆ ಸಂಸಾರದ ಸಾಮಾನೇ. ನನಗೆ ಟ್ಯಾಂಕಿಗಿಂತ ಇವೇ ಹಿಡಿಸಿದವು. ಬರೀ ಟ್ಯಾಂಕು ಇಟ್ಟರೆ ಅದು ಯಂತ್ರ. ಪಕ್ಕದಲ್ಲೊಂದು ಬಕೆಟ್ಟು ಮಗುಚಿ ಬಿದ್ದಿದ್ದರೆ ಯಾರೋ ಮನೆ ಬಿಟ್ಟು ಓಡಿದ್ದಾರೆಂದು ಗೊತ್ತಾಗುತ್ತದೆ. ಆದರೆ ಅಷ್ಟರಲ್ಲಿ ಒಂದು ತಾಮ್ರದ ಕೊಡವಿಲ್ಲ, ಹಂಡೆಯಿಲ್ಲ, ಬೀಸುಕಲ್ಲಿಲ್ಲ. ಮಗನ ಮುಖ ಸಣ್ಣದಾಯಿತು.

ಶೋ ಜೊತೆಗೇ ಹವ್ಯಾಸಿಗಳ ಕ್ಲಬ್ಬುಗಳೂ ತಮ್ಮ ಕೆಲಸವನ್ನು ಮೇಜುಗಳ ಮೇಲೆ ಹರಡಿರುತ್ತವೆ. ಅಲ್ಲೊಬ್ಬ ಹಿರಿಯರು ಹಳ್ಳಿಮನೆಯೊಂದನ್ನು ಮಾಡಿದ್ದರು. ಅಂಗಳದಲ್ಲಿ ಒಣಹಾಕಿದ ಮೂಲಂಗಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ತಮ್ಮನ ಮೂಲಕ ನಮ್ಮ ಕಥೆ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಾವಿಕಟ್ಟೆ ಎಷ್ಟು ಎತ್ತರವಿತ್ತು?"

ನಮಗೆಲ್ಲಿ ಗೊತ್ತು? ಅಲ್ಲಿ ಬೆಳಗಿನ ಹನ್ನೊಂದು ಗಂಟೆ, ಇಲ್ಲಿ ಏಳೂವರೆ. ಮಗ ಫೋನ್ ಮಾಡಿದ. ಕಾಫಿ ಕುಡಿಯುತ್ತಿದ್ದ ಅಮ್ಮ ಯೋಚಿಸಲೂ ಇಲ್ಲ. "ನನ್ನ ಎದೆಮಟ್ಟ ಇತ್ತು ಅಪ್ಪೀ. ಬಗ್ಗಿದರೆ ಅಪ್ಪಯ್ಯ ಬಯ್ಯುತ್ತಿದ್ದ."

ಹತ್ತು ವರ್ಷದ ಹುಡುಗಿಯ ಎದೆಮಟ್ಟ ಎಂದರೆ ಸುಮಾರು 95 ಸೆಂ.ಮೀ. ಅದನ್ನು 35ರಿಂದ ಭಾಗಿಸಿದರೆ 2.7. ಹಿರಿಯರು ಕಾಗದದ ಮೇಲೆ ಅಷ್ಟುದ್ದದ ಗೆರೆ ಎಳೆದು ಮಗನ ಕೈಗೆ ಕೊಟ್ಟರು. ಆಮೇಲೆ, ನಾವು ಕಸಕ್ಕೆ ಎಸೆಯುವ ಚೌಕಟ್ಟಿನ ಕಡ್ಡಿಯೊಂದನ್ನು ಎತ್ತಿ ಅದನ್ನು ಬಿಸಿಮಾಡಿ ಎಳೆಯುವುದನ್ನು ಕೈಸನ್ನೆಯಲ್ಲೇ ತೋರಿಸಿದರು.

ಮನೆಗೆ ಬಂದು ಮಾಡಿದೆವು. ಮೋಂಬತ್ತಿಯ ಜ್ವಾಲೆಗೆ ತಾಗಿಸದೆ, ಎರಡು ಮೂರು ಸೆಂ.ಮೀ. ಮೇಲೆ ಕಡ್ಡಿಯನ್ನು ತಿರುಗಿಸುತ್ತ ಹಿಡಿಯಬೇಕು. ಹೊಳಪು ಬಂದು ಜೋಲತೊಡಗಿದಾಗ ಬೆಂಕಿಯಿಂದ ತೆಗೆದು ಎರಡೂ ತುದಿ ಎಳೆದರೆ ದಾರದಂತೆ ನೂಲುತ್ತದೆ. ನಿಧಾನ ಎಳೆದರೆ ದಪ್ಪ, ಬೇಗ ಎಳೆದರೆ ಕೂದಲೆಳೆ. (ಮಕ್ಕಳೇ, ಇದನ್ನು ದೊಡ್ಡವರನ್ನು ಕೂರಿಸಿಕೊಂಡು, ಕಿಟಕಿ ತೆರೆದು ಮಾಡಿ.) ದಪ್ಪದ್ದು ಗಡಗಡೆಯ ಅಚ್ಚಾಯಿತು, ಸಣ್ಣದು ಕೊಡದ ಕಂಠಕ್ಕೆ ಬಳೆಯಾಯಿತು. ಕೊಡವನ್ನು ಎಪಾಕ್ಸಿ ಪುಟ್ಟಿಯಲ್ಲಿ ಉಂಡೆಕಟ್ಟಿದ, 35 ಸೆಂ.ಮೀ.ನ ಕೊಡ ಸರಿಯಾಗಿ 1 ಸೆಂ.ಮೀ. ಹಂಡೆಗೆ ಒಳಗೆ ತಾಮ್ರದ ಬಣ್ಣ, ಹೊರಗೆಲ್ಲ ಮಸಿ.

ಅಮ್ಮ ದಿನಾ ಒಂದು ತಿದ್ದುಪಡಿ ಹೇಳುತ್ತಾಳೆ. ಬಚ್ಚಲಿನ ಬಾಗಿಲು ಎರಡು ಸಲ ಜಾಗ ಬದಲಿಸಿದೆ. ಹಾಳೆಟೊಪ್ಪಿ ಎಲ್ಲಿ ನೇತಾಡುತ್ತಿತ್ತೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಕೊಟ್ಟಿಗೆಗೆಂದು ತಂದ ಕಿಟ್ಟಿನ ಹಸು ಯುರೋಪಿನದು, ಬೆನ್ನು ಹಲಗೆಯಂತೆ ಸಪಾಟು. ಮಗ ಪುಟ್ಟಿಯಲ್ಲಿ ಸಣ್ಣ ಡುಬ್ಬ ಇಟ್ಟು, ಕೊಂಬು ಬಾಗಿಸಿ, ಕಪ್ಪು ಬಣ್ಣ ಬಳಿದು ಒಣಗಲಿಟ್ಟಿದ್ದ. ಅಮ್ಮ ಕನ್ನಡಕ ಹಾಕಿಕೊಂಡು ಅಂಗೈಯಲ್ಲಿ ಹಿಡಿದು ನೋಡಿದಳು.

"ಇದು ಕೌಲಿ," ಎಂದಳು. "ಹಾಯುತ್ತಿತ್ತು. ಇದನ್ನು ಬಾಗಿಲ ಹತ್ತಿರ ಕಟ್ಟಬೇಡ, ಒಳಗೆ ಕಟ್ಟು."