ದೊಡ್ಡ ಅಕ್ಷರದ ಅಮ್ಮ

ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಅಕ್ಕನಿಗೂ ತಂಗಿಗೂ ದೊಡ್ಡ ಅಕ್ಷರವೇ ಸಲ್ಲಬೇಕು. ಅಲ್ಲಿ ಅವು ನಂಟಿನ ಮಾತುಗಳಲ್ಲ, ಹೆಸರು. ಹೈದರಾಲಿಯ ಸೈನಿಕರನ್ನು ಕಿಂಡಿಯಲ್ಲಿ ತಡೆದಳೆಂದು ದುರ್ಗ ಇಂದಿಗೂ ನೆನೆಯುವ ಒನಕೆ ಓಬವ್ವನಲ್ಲಂತೂ ‘ಅವ್ವ’ ಹೆಸರಿನೊಳಗೆ ಕರಗಿಯೇ ಹೋಗಿದ್ದಾಳೆ.

ಇಂಗ್ಲಿಷಿನವರ ನಿಯಮದ ತಿರುಳು ಇಷ್ಟೆ: ದೊಡ್ಡ ಅಕ್ಷರ ಸಲ್ಲುವುದು ಹಿರಿತನಕ್ಕಲ್ಲ, ಹೆಸರಿಗೆ. ‘ಮದರ್ ಹೇಳಿದರು’ ಎಂಬಲ್ಲಿ ಮದರ್ ಎಂಬುದನ್ನು ತೆಗೆದು ಆಕೆಯ ಹೆಸರನ್ನೇ ಇಟ್ಟರೂ ವಾಕ್ಯ ನಿಲ್ಲುತ್ತದೆ. ಆದ್ದರಿಂದ ದೊಡ್ಡ ‘ಎಮ್’. ಹಿಂದೆ ‘ಮೈ’ ಎಂಬುದೊಂದು ಬಂದು ಕುಳಿತಿತೋ, ಹೆಸರು ಅಲ್ಲಿ ಒಪ್ಪದು; ತಾಯಿ ಸಣ್ಣ ಅಕ್ಷರಕ್ಕೆ ಇಳಿಯುತ್ತಾಳೆ. ನನ್ನವಳೆಂದೊಡನೆ ಚಿಕ್ಕವಳಾಗುವ ಈ ವಿಚಿತ್ರ ನಮಗೆ ಹೊಸದು. ನಾವು ‘ನನ್ನಮ್ಮ’ ಎನ್ನುವುದೇ ಅಪರೂಪ; ಒಬ್ಬಳೇ ಮಗಳಾದರೂ ‘ನಮ್ಮಮ್ಮ’.

ಮೊನ್ನೆ ನಮ್ಮ ಮೊಮ್ಮಗಳು ರಜೆಯ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತಿದ್ದಾಗ ತೊಡಕು ಬಂದದ್ದು ಬೇರೆ ಕಡೆ. ಹಿರಿಯರನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮ ಮನೆಯಲ್ಲಿಲ್ಲ. ಊರು ಹಿಡಿದು ಕರೆಯುತ್ತೇವೆ. ಹಿರಿಯೂರತ್ತೆ, ಹೊಸದುರ್ಗದ ದೊಡ್ಡಮ್ಮ, ಹೊಳಲ್ಕೆರೆ ಚಿಕ್ಕಮ್ಮ. ಇಂಗ್ಲಿಷಿಗೆ ಮೂವರೂ ಬರಿಯ ‘ಆಂಟ್’! ಕಡೆಗೆ ‘ಹಿರಿಯೂರ್ ಆಂಟ್’ ಎಂದು ಎರಡಕ್ಕೂ ದೊಡ್ಡ ಅಕ್ಷರ ಹಾಕಿಸಿದೆ. ಹಿಂದೆ ‘ಮೈ’ ಬಂದರೆ ಆಂಟ್ ತಗ್ಗಬೇಕು; ಹಿರಿಯೂರು ಮಾತ್ರ ತಗ್ಗದು.

“ಕನ್ನಡದಲ್ಲಿ ಈ ಭೇದವೇ ಇಲ್ಲವಲ್ಲ, ತಾತ?” ಎಂದಳು ಹುಡುಗಿ. ಅಕ್ಷರದಲ್ಲಿಲ್ಲ ನಿಜ, ನಮ್ಮ ಮರ್ಯಾದೆಯೆಲ್ಲ ಕ್ರಿಯಾಪದದ ತುದಿಯಲ್ಲಿದೆ. ಅದನ್ನು ವಿವರಿಸಲೆಂದು ಅವಳ ಕನ್ನಡ ಪುಸ್ತಕ ತೆರೆದೆ. ಅವಳೇ ದುಂಡಗೆ ಬರೆದಿದ್ದಳು: ‘ಅಪ್ಪ ಕಚೇರಿಯಿಂದ ಬಂದರು. ಅಮ್ಮ ಕಚೇರಿಯಿಂದ ಬಂದಳು.’

ಬಹಳ ಮನೆಗಳ ಮಾತು ಇದೇ. ಅಮ್ಮನನ್ನು ಏಕವಚನದಲ್ಲಿ ಕರೆಯುವುದು ಸಲುಗೆ ಎನ್ನುತ್ತಾರೆ. ಸಲುಗೆಯ ಸವಿಯನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಒಂದೇ ಹೊತ್ತಿಗೆ ಬಸ್ಸಿಳಿದು ಬಂದ ಇಬ್ಬರಲ್ಲಿ ಬಹುವಚನ ಒಬ್ಬರ ಪಾಲಿಗೇ ಏಕೆ? ಇಂಗ್ಲಿಷಿನ ದೊಡ್ಡ ‘ಎಫ್’ಗೂ ದೊಡ್ಡ ‘ಎಮ್’ಗೂ ಎತ್ತರ ಒಂದೇ.

ಹುಡುಗಿ ಅಳಿಸಿ ತಿದ್ದಿ, “ಅಮ್ಮ ಬಂದರು” ಎಂದು ಗಟ್ಟಿಯಾಗಿ ಓದಿದಳು. ಅಡಿಗೆಮನೆಯಲ್ಲಿದ್ದ ನಮ್ಮ ಸೊಸೆ ಸೆರಗಿಗೆ ಕೈಯೊರಸಿಕೊಳ್ಳುತ್ತ ಹೊರಬಾಗಿಲತ್ತ ನಡೆದಳು. “ಯಾರ ಅಮ್ಮನೇ ಬಂದದ್ದು?”